ಹಬ್ಬದ ಲೆಕ್ಕ, ಚರಂಡಿ ಲೆಕ್ಕ

ಎರಡು ವರ್ಷದ ಹಿಂದಿನ ಮಾತು. ಜೂನ್ ತಿಂಗಳು. ಬೆಳಿಗ್ಗೆ ಏಳು ಗಂಟೆಗೇ ಊರಿಂದ ದೊಡ್ಡವ್ವನ ಫೋನು.

"ಮಗ, ನಮ್ಮ ಬೀದಿ ಚರಂಡಿ ಆಯ್ತು ಅಂತ ಪೇಪರ್‌ಗೆ ಹಾಕಿದ್ದೀಯಂತೆ?"

"ಹೂಂ ಕಣ್ ದೊಡ್ಡವ್ವ. ಪಂಚಾಯ್ತಿ ಕಡೆಯಿಂದ ಸುದ್ದಿ ಬಂದಿತ್ತು."

"ಎಲ್ಲಾಯ್ತು? ನಮ್ಮನೆ ಮುಂದ್ಕೆ ಬಂದು ತೋರ್ಸು ಬಾ. ರಾತ್ರಿ ಮಳೆ ಹುಯ್ದು ಬಚ್ಚಲ ನೀರೆಲ್ಲ ಜಗುಲಿ ಮೇಲೆ ಕೂತದೆ. ಕಾಲಿಕ್ಕಂಗಿಲ್ಲ."

ನಾನು ಬರೆದಿದ್ದು ನಾಲ್ಕೇ ಸಾಲು. ಹಿಂದಿನ ವಾರ ವಾಟ್ಸ್ಆ್ಯಪ್‌ನಲ್ಲಿ ಒಂದು ಪ್ರಕಟಣೆ, ಜೊತೆಗೊಂದು ಫೋಟೊ ಬಂದಿತ್ತು. ಫೋಟೊದಲ್ಲಿ ಹೊಸ ಕಾಂಕ್ರೀಟ್ ಚರಂಡಿ, ಪಕ್ಕದಲ್ಲಿ ಮೂರ್ನಾಲ್ಕು ಜನ ನಿಂತಿದ್ದರು. ಊರಿನ ಹೆಸರು ನಮ್ಮದೇ ಆದ್ದರಿಂದ ಖುಷಿಯಾಗಿ ಬೇಗ ಟೈಪ್ ಮಾಡಿ ಕಳಿಸಿದೆ. ಫೋಟೊದಲ್ಲಿ ಚರಂಡಿಯ ಒಂದು ತುದಿ ಮಾತ್ರ ಕಾಣ್ತಿತ್ತು. ಇನ್ನೊಂದು ತುದಿ ಎಲ್ಲಿದೆ ಅಂತ ನಾನು ಕೇಳಲಿಲ್ಲ.

ಊರು ಮೈಸೂರಿಂದ ಬೈಕಿನಲ್ಲಿ ಒಂದು ಗಂಟೆ ದಾರಿ. ಹೆಸರು ಬರೆಯೋದಿಲ್ಲ. ಬರೆದರೆ ಇದು ಆ ಒಂದು ಊರಿನ ಕಥೆ ಅಂತ ಓದಿ ಪಕ್ಕಕ್ಕಿಡ್ತೀರಿ.

ಆ ಭಾನುವಾರ ಹೋದೆ. ದೊಡ್ಡವ್ವನ ಮನೆ ಬೀದಿಯ ಕೊನೆಯಲ್ಲಿದೆ. ಹೊಸ ಚರಂಡಿ ಬೀದಿಯ ಬಾಯಿಂದ ಚೆನ್ನಾಗೇ ಬಂದಿತ್ತು. ಆಮೇಲೆ ಒಂದು ಹುಣಸೆಮರದ ಹತ್ತಿರ ಚಾಕು ಹಾಕಿ ಕುಯ್ದ ಹಾಗೆ ನಿಂತುಹೋಗಿತ್ತು. ಮೇಲಿನ ಮನೆಗಳ ನೀರೆಲ್ಲ ಜೋರಾಗಿ ಅಲ್ಲಿಗೆ ಬಂದು, ಮುಂದೆ ಹೋಗೋಕೆ ದಾರಿಯಿಲ್ಲದೆ ಕೊನೆಯ ಏಳೆಂಟು ಮನೆಗಳ ಮುಂದೆ ನಿಲ್ತಿತ್ತು. ಮೊದಲು ಮಣ್ಣಿನ ಚರಂಡಿ ಇದ್ದಾಗ ನೀರು ಅಲ್ಲಲ್ಲೇ ಇಂಗ್ತಿತ್ತು. ಅರ್ಧ ಚರಂಡಿ ಬಂದ ಮೇಲೆ ಕಷ್ಟ ಹೆಚ್ಚಾಯ್ತು.

ದೊಡ್ಡವ್ವ ಅಷ್ಟೊತ್ತಿಗೆ ದನ ಕಟ್ಟೋ ಹಗ್ಗ ಹಿಡಿದು ಅಳೆದಿಟ್ಟಿದ್ದಳು. "ನಲವತ್ತು ಮಾರು ಬಂದು ನಿಂತ್ಬುಟ್ಟದೆ. ಬೇಕಾದ್ರೆ ನೀನೇ ಅಳ್ಕೊ."

ಬೀದಿಯ ಬಾಯಲ್ಲಿ ಕಾಮಗಾರಿ ಫಲಕ ಇತ್ತು. ಯೋಜನೆ: 15ನೇ ಹಣಕಾಸು ಆಯೋಗ. ಅಂದಾಜು ಮೊತ್ತ ಬರೆದಿತ್ತು. ಕಂಟ್ರಾಕ್ಟರ್ ಹೆಸರು ಬರೆದಿತ್ತು. 'ಉದ್ದ' ಅನ್ನೋ ಕಡೆ ಮಾತ್ರ ಬಣ್ಣ ಬಳಿದು ಖಾಲಿ ಬಿಟ್ಟಿದ್ದರು.

ಕಂಟ್ರಾಕ್ಟರ್ ಹೆಸರು ಓದಿದಾಗ ಎದೆ ಧಸಕ್ ಅಂತು. ಯಾಕೆ ಅಂತ ಹೇಳಬೇಕಾದರೆ ಮೊದಲು ನನ್ನ ಲೆಕ್ಕ ಹೇಳಬೇಕು.

ನಾನು ಸ್ಟ್ರಿಂಗರ್. ಪತ್ರಿಕೋದ್ಯಮದಲ್ಲಿ ಡಿಪ್ಲೊಮಾ ಮಾಡಿದೀನಿ. ಸಂಬಳದ ನೌಕರಿ ಅಲ್ಲ. ಬಂದ ಸುದ್ದಿಗೆ ಇಷ್ಟು ಅಂತ ಲೆಕ್ಕ. ಒಳ್ಳೇ ತಿಂಗಳಲ್ಲಿ ಏಳು ಸಾವಿರ, ಕೆಟ್ಟ ತಿಂಗಳಲ್ಲಿ ನಾಲ್ಕು ಸಾವಿರ. ಮೈಸೂರಲ್ಲಿ ಮನೆ ಬಾಡಿಗೆಯೇ ಆರೂವರೆ ಸಾವಿರ. ಮಿಕ್ಕಿದ್ದು ಎಲ್ಲಿಂದ ಬರುತ್ತೆ? ಹೆಂಡತಿ ಟೈಲರಿಂಗ್ ಮಾಡ್ತಾಳೆ. ನಾನು ಜಾಹೀರಾತು ತರ್ತೀನಿ. ದಸರಾ ಪುರವಣಿ, ರಾಜ್ಯೋತ್ಸವ, ಯಾರದೋ ಹುಟ್ಟುಹಬ್ಬ. ತಂದ ಜಾಹೀರಾತಿಗೆ ನನಗೆ ನೂರಕ್ಕೆ ಹದಿನೈದು ಕಮಿಷನ್. ಕೊಡೋರು ಯಾರು? ಪಂಚಾಯ್ತಿ ಸದಸ್ಯರು, ಸೊಸೈಟಿ ಅಧ್ಯಕ್ಷರು, ಕಂಟ್ರಾಕ್ಟರುಗಳು. ಅಂದರೆ ನಾವು ಯಾರ ಲೆಕ್ಕ ಕೇಳಬೇಕೋ ಅವರೇ.

ಆ ಫಲಕದ ಮೇಲಿದ್ದ ಕಂಟ್ರಾಕ್ಟರ್ ಹಿಂದಿನ ದಸರಾಕ್ಕೆ ನನಗೆ ಕಾಲು ಪುಟದ ಜಾಹೀರಾತು ಕೊಟ್ಟಿದ್ದರು.

ಸೋಮವಾರ ಪಂಚಾಯ್ತಿಗೆ ಹೋದೆ. ಪಿಡಿಒ ಮೇಡಂಗೆ ಎರಡು ಪಂಚಾಯ್ತಿ ಚಾರ್ಜು. ಅಳತೆ ಪುಸ್ತಕ, ಬಿಲ್ಲು ನೋಡಬೇಕು ಅಂದೆ.

"ಯಾಕೆ ಸರ್? ಏನಾದ್ರೂ ದೂರು ಇದೆಯಾ?"

"ಇಲ್ಲ ಮೇಡಂ, ಸುಮ್ಮನೆ."

"ಸುಮ್ಮನೆ ಯಾರು ಕೇಳ್ತಾರೆ ಸರ್? ಅರ್ಜಿ ಹಾಕಿ."

ಅರ್ಜಿ ಹಾಕಿದೆ. ಮಾಹಿತಿ ಹಕ್ಕು ಕಾಯ್ದೆ ಜಾರಿಗೆ ಬಂದಿದ್ದು 2005ರ ಅಕ್ಟೋಬರ್ 12ಕ್ಕೆ. ನಮ್ಮ ಕರ್ನಾಟಕ ಅದಕ್ಕೂ ಮೊದಲೇ, 2000ದಲ್ಲೇ ತನ್ನದೇ ಮಾಹಿತಿ ಹಕ್ಕು ಕಾಯ್ದೆ ಮಾಡಿಕೊಂಡಿತ್ತು. ಡಿಪ್ಲೊಮಾದಲ್ಲಿ ಇದನ್ನೆಲ್ಲ ಪರೀಕ್ಷೆಗೆ ಓದಿದ್ದೆ. ನನ್ನೂರಿನ ಪಂಚಾಯ್ತಿಗೆ ಅರ್ಜಿ ಬರೆದಿದ್ದು ಅದೇ ಮೊದಲು. ನಿಮಗೂ ಬೇಕಾಗಬಹುದು ಅಂತ ಇಲ್ಲಿ ಬರೆದಿಡ್ತೀನಿ.

ಅರ್ಜಿಯನ್ನ ಬಿಳಿ ಹಾಳೆಯಲ್ಲಿ ಕನ್ನಡದಲ್ಲೇ ಬರೀಬಹುದು. ಕರ್ನಾಟಕದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದದ ಒಳಗಿರಬೇಕು. ಶುಲ್ಕ 10 ರೂಪಾಯಿ, ಅಂಚೆ ಕಚೇರಿಯಲ್ಲಿ ಪೋಸ್ಟಲ್ ಆರ್ಡರ್ ಸಿಗುತ್ತೆ. ಬಿಪಿಎಲ್ ಕಾರ್ಡ್ ಇದ್ದವರಿಗೆ ಅರ್ಜಿ ಶುಲ್ಕ ಇಲ್ಲ. ನಕಲು ಪ್ರತಿಗೆ ಪುಟಕ್ಕೆ 2 ರೂಪಾಯಿ. ಯಾಕೆ ಬೇಕು ಅಂತ ಕಾರಣ ಹೇಳಬೇಕಾಗಿಲ್ಲ. ಇದು ಕಾಯ್ದೆಯ 6ನೇ ಸೆಕ್ಷನ್‌ನಲ್ಲೇ ಇದೆ. 30 ದಿನದೊಳಗೆ ಉತ್ತರ ಕೊಡಬೇಕು. ತಡವಾದರೆ ಆಮೇಲೆ ಆ ಮಾಹಿತಿಯನ್ನ ಉಚಿತವಾಗಿ ಕೊಡಬೇಕು. ಕೊಡದಿದ್ದರೆ 30 ದಿನದೊಳಗೆ ಮೇಲ್ಮನವಿ. ಗ್ರಾಮ ಪಂಚಾಯ್ತಿ ವಿಷಯದಲ್ಲಿ ಅದು ಸಾಮಾನ್ಯವಾಗಿ ತಾಲ್ಲೂಕು ಪಂಚಾಯ್ತಿ ಇಒ ಅವರಿಗೆ. ಅಲ್ಲೂ ಆಗದಿದ್ದರೆ 90 ದಿನದೊಳಗೆ ಮಾಹಿತಿ ಆಯೋಗಕ್ಕೆ. ಬೇಕಂತಲೇ ತಡ ಮಾಡಿದ ಅಧಿಕಾರಿಗೆ ದಿನಕ್ಕೆ 250 ರೂಪಾಯಿಯಂತೆ 25,000ದವರೆಗೆ ದಂಡ ಹಾಕೋ ಅಧಿಕಾರ ಆಯೋಗಕ್ಕಿದೆ.

ಇನ್ನೊಂದು ಮಾತು ಬಹಳ ಜನಕ್ಕೆ ಗೊತ್ತಿಲ್ಲ. ಮಾಹಿತಿ ಅಂದರೆ ಬರೀ ಕಾಗದ ಅಲ್ಲ. ಕಾಮಗಾರಿಯನ್ನೇ ಹೋಗಿ ಪರಿಶೀಲಿಸೋ ಹಕ್ಕು, ಬಳಸಿದ ವಸ್ತುವಿನ ಮಾದರಿ ಪಡೆಯೋ ಹಕ್ಕೂ ಆ ಕಾಯ್ದೆಯಲ್ಲಿದೆ.

ನಾನು ಮೂರು ಕೇಳಿದೆ: ಎಸ್ಟಿಮೇಟು, ಅಳತೆ ಪುಸ್ತಕದ ಆ ಪುಟಗಳು, ಪಾವತಿಯಾದ ಬಿಲ್ಲು. ಅಳತೆ ಪುಸ್ತಕಕ್ಕೆ ಕಚೇರಿಯಲ್ಲಿ ಎಂ.ಬಿ. ಅಂತಾರೆ. ಎಂಜಿನಿಯರ್ ಸ್ಥಳಕ್ಕೆ ಹೋಗಿ ಅಳೆದು ಎಷ್ಟು ಉದ್ದ, ಎಷ್ಟು ಅಗಲ, ಎಷ್ಟು ಆಳ ಅಂತ ಅದರಲ್ಲಿ ಬರೆದ ಮೇಲೇ ಬಿಲ್ಲು ಆಗೋದು. ಯಾವ ಕೆಲಸದ್ದೇ ಆಗಲಿ, ಮೊದಲು ಕೇಳಬೇಕಾದ ಕಾಗದ ಅದೇ.

ಅರ್ಜಿ ಕೊಟ್ಟು ನಾಲ್ಕು ದಿನಕ್ಕೆ ಕಂಟ್ರಾಕ್ಟರ್ ಫೋನ್ ಬಂತು. ಮೈಸೂರಿಗೆ ಬಂದಿದೀನಿ, ಟೀ ಕುಡಿಯೋಣ ಬನ್ನಿ ಅಂದರು. ದೊಡ್ಡ ಗಡಿಯಾರದ ಹತ್ತಿರ ಸಿಕ್ಕೆವು. ಬಯ್ಯಲಿಲ್ಲ, ಹೆದರಿಸಲಿಲ್ಲ. ನಗ್ತಾನೇ ಮಾತಾಡಿದರು.

"ಅಣ್ಣ, ಅರ್ಜಿ ಯಾಕೆ ಹಾಕಕ್ಕೋದ್ರಿ? ಒಂದು ಮಾತು ನನ್ನ ಕೇಳಬಾರದಿತ್ತಾ? ಈ ದಸರಾಕ್ಕೆ ಅರ್ಧ ಪುಟ ಕೊಡ್ತೀನಿ ಬಿಡಿ."

ಅರ್ಧ ಪುಟಕ್ಕೆ 25,000. ನನ್ನ ಕಮಿಷನ್ 3,750. ನಾನು ಬಾಯಲ್ಲಿ ಲೆಕ್ಕ ಹಾಕಲಿಲ್ಲ, ತಲೆ ಅದಾಗಿಯೇ ಹಾಕಿತು. ಆ ತಿಂಗಳು ಮಗಳ ಸ್ಕೂಲ್ ಫೀಸು ಬಾಕಿ ಇತ್ತು.

ಅವರಿಗೆ ಬೇಡ ಅಂದೆನಾ? ಇಲ್ಲ. ಸರಿ ಅಂದೆನಾ? ಅದೂ ಇಲ್ಲ. "ನೋಡಣ ಬಿಡಿ" ಅಂದೆ. ಟೀ ದುಡ್ಡು ಅವರೇ ಕೊಟ್ಟರು.

ಅವರನ್ನ ದೂರಿ ಪ್ರಯೋಜನ ಇಲ್ಲ. ಅರ್ಜಿ ಹಾಕಿ, ಆಮೇಲೆ ಫೋನ್ ಮಾಡಿ, ಇಷ್ಟು ಕೊಟ್ಟರೆ ಸುಮ್ಮನಾಗ್ತೀನಿ ಅನ್ನೋ ಜನ ನಮ್ಮ ಜಿಲ್ಲೆಯಲ್ಲೂ ಇದ್ದಾರೆ. ಅವರಲ್ಲಿ ಕೆಲವರ ಜೇಬಲ್ಲಿ ಪ್ರೆಸ್ ಕಾರ್ಡೂ ಇರುತ್ತೆ. ಕಂಟ್ರಾಕ್ಟರ್ ಕಣ್ಣಿಗೆ ನಾನೂ ಆ ಸಾಲಿನವನೇ. ಲೆಕ್ಕ ಕೇಳೋದು ಅಂದರೆ ರೇಟು ಕೇಳೋದು ಅಂತ ಅವರು ಕಲಿತಿದ್ದಾರೆ. ಕಲಿಸಿದ್ದು ನಮ್ಮಂಥವರೇ.

ಅವರು ಹೋದ ಮೇಲೆ ಅಲ್ಲೇ ನಿಂತಿದ್ದೆ. ಎದುರಿಗೇ ಪುರಭವನ. ಮೈಸೂರಿಗೆ ಬಂದವರೆಲ್ಲ ಆ ಕಟ್ಟಡ ನೋಡಿರ್ತೀರಿ. ಅದರ ಪೂರ್ತಿ ಹೆಸರು ರಂಗಾಚಾರ್ಲು ಸ್ಮಾರಕ ಭವನ. ಕಟ್ಟಿದ್ದು 1884ರಲ್ಲಿ. ರಂಗಾಚಾರ್ಲು ಯಾರು ಅಂತ ಪರೀಕ್ಷೆಗೆ ಓದಿ ಮರೆತಿದ್ದೆ. ಅವತ್ತು ನೆನಪಾಯ್ತು.

1881ರ ಮಾರ್ಚ್‌ನಲ್ಲಿ ಬ್ರಿಟಿಷರು ಐವತ್ತು ವರ್ಷದ ನಂತರ ಮೈಸೂರು ರಾಜ್ಯವನ್ನ ಒಡೆಯರಿಗೆ ವಾಪಸು ಕೊಟ್ಟರು. ಹತ್ತನೇ ಚಾಮರಾಜ ಒಡೆಯರ್ ಮಹಾರಾಜರು, ಸಿ. ರಂಗಾಚಾರ್ಲು ದಿವಾನರು. 1876ರಿಂದ 78ರವರೆಗಿನ ದೊಡ್ಡ ಬರ ಮುಗಿದು ಮೂರು ವರ್ಷ ಆಗಿತ್ತಷ್ಟೆ. ಲಕ್ಷಾಂತರ ಜನ ಸತ್ತಿದ್ದರು, ರಾಜ್ಯದ ತಲೆ ಮೇಲೆ ಸಾಲ ಇತ್ತು. ಆ ವರ್ಷ ಅಕ್ಟೋಬರ್ 7ಕ್ಕೆ, ದಸರಾ ಸಮಯದಲ್ಲಿ, ಮೈಸೂರಲ್ಲಿ ಒಂದು ಸಭೆ ಸೇರಿತು. ತಾಲ್ಲೂಕುಗಳಿಂದ ಬಂದ ಜಮೀನುದಾರರು, ವರ್ತಕರು ಸೇರಿ 144 ಜನ. ಅದೇ ಪ್ರಜಾ ಪ್ರತಿನಿಧಿ ಸಭೆ. ದಿವಾನರು ಅವರ ಮುಂದೆ ನಿಂತು ರಾಜ್ಯದ ಆಡಳಿತ ಹೇಗೆ ನಡೆದಿದೆ, ಮುಂದೆ ಏನು ಮಾಡ್ತೀವಿ ಅಂತ ವರದಿ ಒಪ್ಪಿಸಿದರು.

ಅದನ್ನ ಹೊಗಳಿ ಅಟ್ಟಕ್ಕೇರಿಸೋದು ಬೇಡ. ಬಂದವರು ಊರಿನ ದೊಡ್ಡ ಕುಳಗಳು. ಕೂಲಿಯವರಿಲ್ಲ, ಹೆಂಗಸರಿಲ್ಲ. ಸಭೆಗೆ ಏನನ್ನೂ ತೀರ್ಮಾನಿಸೋ ಅಧಿಕಾರ ಇರಲಿಲ್ಲ. ಕೇಳಬಹುದಿತ್ತು, ಹೇಳಬಹುದಿತ್ತು, ಅಷ್ಟೆ. ಆದರೂ ನೋಡಿ, ರಾಜನ ಕಾಲದಲ್ಲಿ, ಯಾರೂ ಅರ್ಜಿ ಹಾಕದೆ, ದಿವಾನರೇ ಎದ್ದು ನಿಂತು ಎಲ್ಲರ ಎದುರು ಲೆಕ್ಕ ಹೇಳಿದರು.

ಈಗ ಅದೇ ಪುರಭವನದ ಅಂಗಳ ನೋಡಿ. ಅಲ್ಲಿ ವಾಹನ ನಿಲುಗಡೆಗೆ ಅಂತ ಶುರುವಾದ ಕಾಮಗಾರಿ ಹತ್ತು ವರ್ಷಕ್ಕೂ ಹೆಚ್ಚು ಎಳೆದಾಡಿದ್ದು ಮೈಸೂರಿನವರಿಗೆಲ್ಲ ಗೊತ್ತು. ಕೇಳಬೇಕಾದವರು ಯಾರು? ಪಾಲಿಕೆಯ 65 ವಾರ್ಡುಗಳ ಸದಸ್ಯರ ಅವಧಿ 2023ರ ನವೆಂಬರ್‌ನಲ್ಲಿ ಮುಗಿಯಿತು. ಸಮಯಕ್ಕೆ ಚುನಾವಣೆ ಆಗಲಿಲ್ಲ, ಆಡಳಿತಾಧಿಕಾರಿ ಬಂದರು. ಜಿಲ್ಲಾ ಪಂಚಾಯ್ತಿ, ತಾಲ್ಲೂಕು ಪಂಚಾಯ್ತಿಗೆ 2016ರಲ್ಲಿ ಆರಿಸಿ ಬಂದವರ ಅವಧಿ 2021ಕ್ಕೇ ಮುಗಿಯಿತು. ಆಮೇಲೆ ವರ್ಷಗಟ್ಟಲೆ ಅಧಿಕಾರಿಗಳದ್ದೇ ಆಡಳಿತ. 2024ರಲ್ಲಿ ಮುಡಾದ 50:50 ನಿವೇಶನ ಹಂಚಿಕೆ ಇಡೀ ರಾಜ್ಯದ ಬಾಯಲ್ಲಿತ್ತು. ಅದರ ಸರಿ ತಪ್ಪು ತನಿಖೆ, ಕೋರ್ಟಿಗೆ ಬಿಟ್ಟದ್ದು. ನನಗೆ ಅನ್ನಿಸಿದ್ದು ಇಷ್ಟೇ: ಯಾರಿಗೆ ಎಲ್ಲಿ ಎಷ್ಟು ನಿವೇಶನ ಅನ್ನೋ ಪಟ್ಟಿ ಕಚೇರಿ ಗೋಡೆ ಮೇಲೆ ಮೊದಲ ದಿನದಿಂದಲೇ ಇದ್ದಿದ್ದರೆ ಅಷ್ಟು ದೂರ ಹೋಗ್ತಿತ್ತಾ?

ಸರಿ, ನಮ್ಮ ಚರಂಡಿಗೆ ಬರ್ತೀನಿ.

ಜುಲೈ ಕೊನೆಗೆ, 28ನೇ ದಿನಕ್ಕೆ, ಪಂಚಾಯ್ತಿಯಿಂದ ಕಾಗದ ಬಂತು. ಪಿಡಿಒ ಮೇಡಂ ಸಮಯಕ್ಕೆ ಸರಿಯಾಗಿ ಕೊಟ್ಟಿದ್ದರು, ಅದನ್ನ ಹೇಳಲೇಬೇಕು. ಒಟ್ಟು ಹನ್ನೊಂದು ಪುಟ, 22 ರೂಪಾಯಿ. ಅಳತೆ ಪುಸ್ತಕದಲ್ಲಿ ಚರಂಡಿ ಉದ್ದ 120 ಮೀಟರ್. ಬಿಲ್ಲು 4.8 ಲಕ್ಷ ರೂಪಾಯಿ. ದೊಡ್ಡವ್ವನ ನಲವತ್ತು ಮಾರು ಅಂದರೆ ಹೆಚ್ಚೂಕಡಿಮೆ 74 ಮೀಟರ್.

ಆ ಹನ್ನೊಂದು ಪುಟ ನನ್ನ ಬ್ಯಾಗಿನಲ್ಲೇ ಹನ್ನೊಂದು ದಿನ ಇತ್ತು.

ದಿನಾ ತೆಗೆದು ನೋಡ್ತಿದ್ದೆ, ಮತ್ತೆ ಒಳಗಿಡ್ತಿದ್ದೆ. ಸುದ್ದಿ ಮಾಡಿದರೆ ಡೆಸ್ಕಿನವರು ಹಾಕ್ತಾರಾ? ಜಾಹೀರಾತು ಹೋಗುತ್ತೆ. ಊರಲ್ಲಿ ವಾರ್ಡ್ ಸದಸ್ಯರು ನಮ್ಮ ಸಂಬಂಧಿಕರೇ. ನಾಳೆ ಒಂದು ಸಾವು ಅಂದರೆ, ಒಂದು ಮದುವೆ ಅಂದರೆ ಅವರು ಬೇಕು. ಇದೆಲ್ಲ ಯೋಚನೆ ಮಾಡ್ತಾ ಕೂತಿದ್ದೆ. ನಿಜ ಹೇಳಬೇಕೂಂದ್ರೆ, ಕಂಟ್ರಾಕ್ಟರ್ ಇನ್ನೊಂದು ಸಲ ಫೋನ್ ಮಾಡ್ತಾರಾ ಅಂತ ಕಾಯ್ತಿದ್ದೆ. ಕಾಗದ ಕೈಗೆ ಬಂದರೂ ಅದು ಗುಟ್ಟಾಗಿದ್ದಷ್ಟು ದಿನ ಅದಕ್ಕೊಂದು ಬೆಲೆ ಇರುತ್ತೆ. ಆ ಬೆಲೆ ಎಷ್ಟು ಅಂತ ನನಗೂ ಗೊತ್ತಿತ್ತು, ಅವರಿಗೂ ಗೊತ್ತಿತ್ತು.

ಹನ್ನೆರಡನೇ ದಿನ ದೊಡ್ಡವ್ವನಿಗೆ ಕಾಗದ ಬಂದ ವಿಷಯ ಬಾಯಿ ತಪ್ಪಿ ಹೇಳಿಬಿಟ್ಟೆ.

"ಯಾವಾಗ ಬಂತು?"

"ಆಯ್ತು ಹತ್ತು ದಿನ."

ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ ಕೇಳಿದಳು: "ಮಾರಿಹಬ್ಬದ ಲೆಕ್ಕವ ಯಾರಾದ್ರೂ ಹತ್ತು ದಿನ ಮಡೀಕೊಂಡ್ರೆ ಊರು ಸುಮ್ಕಿರ್ತದಾ ಮಗ?"

ನಮ್ಮ ಕಡೆಯವರಿಗೆ ಇದನ್ನ ಬಿಡಿಸಿ ಹೇಳಬೇಕಿಲ್ಲ. ಹಬ್ಬಕ್ಕೆ ಮನೆಗಿಷ್ಟು ಅಂತ ವರಿ ಎತ್ತುತ್ತೀವಿ. ಹಬ್ಬ ಮುಗಿದ ವಾರದೊಳಗೆ ಮಾರಮ್ಮನ ಗುಡಿ ಮುಂದೆ ಎಲ್ಲರೂ ಸೇರ್ತೀವಿ. ಯಜಮಾನರು ಪುಸ್ತಕ ಬಿಚ್ಚಿ ಓದ್ತಾರೆ. ಹೂವಿಗೆ ಇಷ್ಟು, ತಮಟೆಯವರಿಗೆ ಇಷ್ಟು, ಸೀರಿಯಲ್ ಸೆಟ್ಟಿಗೆ ಇಷ್ಟು, ಉಳಿದದ್ದು ಇಷ್ಟು. ನಾನು ಚಿಕ್ಕವನಾಗಿದ್ದಾಗ ಒಂದು ವರ್ಷ ತೆಂಗಿನಕಾಯಿ ಲೆಕ್ಕದಲ್ಲಿ ನಲವತ್ತು ರೂಪಾಯಿ ತಾಳೆ ಆಗಲಿಲ್ಲ ಅಂತ ರಾತ್ರಿ ಹನ್ನೆರಡರವರೆಗೆ ಮಾತು ನಡೆದಿತ್ತು. ಕೊನೆಗೆ ಯಜಮಾನರೇ, ಗಾಡಿ ಬಾಡಿಗೆ ಬರೆಯೋದು ಮರೆತಿದ್ದೆ ಅಂತ ನೆನಪು ಮಾಡಿಕೊಂಡರು. ಎಲ್ಲರೂ ನಕ್ಕು ಎದ್ದು ಹೋದರು. ಕೇಳಿದವರ ಮೇಲೆ ಅವರಿಗೆ ಸಿಟ್ಟಿಲ್ಲ, ಅವರ ಮೇಲೆ ಊರಿಗೆ ಅನುಮಾನ ಇಲ್ಲ. ಸ್ತ್ರೀಶಕ್ತಿ ಸಂಘದಲ್ಲೂ ಅಷ್ಟೇ. ವಾರ ವಾರ ಪುಸ್ತಕ ಓದ್ತಾರೆ, ಹತ್ತು ರೂಪಾಯಿ ಹೆಚ್ಚುಕಮ್ಮಿ ಆದರೂ ಅಲ್ಲೇ ಕೇಳ್ತಾರೆ.

ಅಂದರೆ ಲೆಕ್ಕ ಕೇಳೋದು ನಮಗೆ ಯಾರೂ ಕಲಿಸಬೇಕಾಗಿಲ್ಲ. ಪಂಚಾಯ್ತಿ ಹತ್ತಿರ ಮಾತ್ರ ನಾಲಿಗೆ ಏಳೋದಿಲ್ಲ. ಯಾಕೆಂದರೆ ಹಬ್ಬದ್ದು ನಮ್ಮ ದುಡ್ಡು, ಅದು ಸರ್ಕಾರದ ದುಡ್ಡು ಅಂದ್ಕೊಂಡಿದೀವಿ. ಮನೆ ಕಂದಾಯ, ನೀರಿನ ಬಿಲ್ಲು ಕಟ್ಟೋದು ನಾವೇ. ಹಣಕಾಸು ಆಯೋಗದಿಂದ ಬರೋದೂ ನಾವು ಬೆಂಕಿಪೊಟ್ಟಣದಿಂದ ಹಿಡಿದು ಎಲ್ಲಕ್ಕೂ ಕಟ್ಟೋ ತೆರಿಗೆಯಿಂದಲೇ.

ದೊಡ್ಡವ್ವ ಫೋನಿಡೋಕೆ ಮುಂಚೆ ಇನ್ನೊಂದು ಮಾತಂದಳು: "ಒಬ್ಬನೇ ಮಡೀಕೊಂಡ್ರೆ ಅವ್ರು ನಿನ್ನೊಬ್ಬನ್ನೇ ಮಾತಾಡಿಸ್ತಾರೆ. ತಂದು ಎಲ್ರ ಮುಂದೆ ಓದು."

ರಾಜಸ್ಥಾನದವರು ಮಾಡಿದ್ದೂ ಇದನ್ನೇ. ಮಜ್ದೂರ್ ಕಿಸಾನ್ ಶಕ್ತಿ ಸಂಘಟನೆ ಅಂತ ಅರುಣಾ ರಾಯ್, ನಿಖಿಲ್ ಡೇ, ಶಂಕರ್ ಸಿಂಗ್ ಅವರು ಹಳ್ಳಿಯವರ ಜೊತೆ ಸೇರಿ ಕಟ್ಟಿದ ಸಂಘ. 1994ರ ಡಿಸೆಂಬರ್‌ನಲ್ಲಿ ಕೋಟ್‌ಕಿರಾನಾ ಅನ್ನೋ ಊರಲ್ಲಿ ಮೊದಲ ಜನಸುನ್‌ವಾಯಿ, ಅಂದರೆ ಬಹಿರಂಗ ವಿಚಾರಣೆ ನಡೆಸಿದರು. ಕೂಲಿ ಹಾಜರಿ ಪಟ್ಟಿಗಳನ್ನ ಜನರ ಮುಂದೆ ಗಟ್ಟಿಯಾಗಿ ಓದೋದು ಅವರ ದಾರಿ. ಓದಿದ ಕೂಡಲೇ ಕೂತವರೇ ಎದ್ದು, ನಾನು ಆ ಕೆಲಸಕ್ಕೆ ಹೋಗೇ ಇಲ್ಲ ಅನ್ನೋರು. ಆ ಹೋರಾಟವೇ ಬೆಳೆದು ಮಾಹಿತಿ ಹಕ್ಕು ಕಾಯ್ದೆಗೆ ಬುನಾದಿ ಆಯ್ತು. ಕಾಯ್ದೆ ಬಂತು, ಎಲ್ಲರ ಮುಂದೆ ಓದೋದನ್ನ ನಾವು ಮರೆತೆವು. ಅರ್ಜಿ ಹಾಕೋದು ಒಬ್ಬೊಬ್ಬರ ವ್ಯವಹಾರ ಆಗಿಹೋಯ್ತು.

ಕರ್ನಾಟಕದಲ್ಲಿ ಎಲ್ಲರ ಮುಂದೆ ಓದೋಕೆ ಕಾನೂನೇ ಜಾಗ ಮಾಡಿಕೊಟ್ಟಿದೆ. ಪಂಚಾಯತ್ ರಾಜ್ ಜಮಾಬಂದಿ ನಿಯಮಗಳು ಬಂದಿದ್ದು 2000ದಲ್ಲಿ. ಪ್ರತಿ ವರ್ಷ ಆಗಸ್ಟ್ 16ರಿಂದ ಸೆಪ್ಟೆಂಬರ್ 15ರೊಳಗೆ ಪ್ರತಿ ಗ್ರಾಮ ಪಂಚಾಯ್ತಿಯಲ್ಲಿ ಜಮಾಬಂದಿ ನಡೀಬೇಕು. ಹಿಂದಿನ ವರ್ಷದ ಜಮಾ ಖರ್ಚು, ಕಾಮಗಾರಿಗಳ ದಾಖಲೆ ಜನರ ಮುಂದಿಟ್ಟು, ಅಧಿಕಾರಿ ಬಂದು ಪರಿಶೀಲಿಸಬೇಕು. ನಮ್ಮೂರಲ್ಲೂ ವರ್ಷ ವರ್ಷ ಆಗ್ತಿತ್ತು. ಹೇಗೆ ಅಂದರೆ, ಬೋರ್ಡಿನಲ್ಲಿ ನೋಟಿಸು, ಹತ್ತು ಜನ, ಟೀ ಬಿಸ್ಕತ್ತು, ಪುಸ್ತಕದಲ್ಲಿ ಸಹಿ. ನಾನೇ ಎಷ್ಟೋ ಪಂಚಾಯ್ತಿಗಳ ಬಗ್ಗೆ "ಜಮಾಬಂದಿ ಯಶಸ್ವಿ" ಅಂತ ಕೂತಲ್ಲೇ ಸುದ್ದಿ ಬರೆದಿದೀನಿ.

ಆ ಸಲ ಆಗಸ್ಟ್ ಕೊನೆಯ ವಾರಕ್ಕೆ ದಿನ ಗೊತ್ತಾಯ್ತು. ದೊಡ್ಡವ್ವ ಸಂಘದ ಹೆಂಗಸರಿಗೆಲ್ಲ ಹೇಳಿದ್ದಳು. ಹೋಗಿ ನೋಡಿದರೆ ಪಂಚಾಯ್ತಿ ಅಂಗಳದಲ್ಲಿ ಐವತ್ತಕ್ಕೂ ಹೆಚ್ಚು ಜನ. ಒಂದೇ ಬೀದಿಯವರೇ ಇಪ್ಪತ್ತು ಜನ ಹೆಂಗಸರು. ದೊಡ್ಡವ್ವನ ಕಂಕುಳಲ್ಲಿ ದನದ ಹಗ್ಗದ ಸುರುಳಿ.

ನಾನು ಎದ್ದು ಓದಿದೆ. ಕೈ ನಡುಗ್ತಿತ್ತು. ಮೈಸೂರಲ್ಲಿ ಮಂತ್ರಿಗಳ ಪತ್ರಿಕಾಗೋಷ್ಠಿಯಲ್ಲಿ ಪ್ರಶ್ನೆ ಕೇಳಿದವನಿಗೆ ಸ್ವಂತ ಊರಿನವರ ಮುಂದೆ ಬಾಯಿ ಒಣಗಿತು. ಯಾರ ಮೇಲೂ ಆರೋಪ ಮಾಡಲಿಲ್ಲ. "ಪುಸ್ತಕದಲ್ಲಿ 120 ಮೀಟರ್ ಇದೆ. ಬೀದಿಯಲ್ಲಿ ಎಷ್ಟಿದೆ ಅಂತ ಎಲ್ಲರೂ ಹೋಗಿ ಅಳೆಯೋಣ" ಅಂತಷ್ಟೇ ಅಂದೆ.

ತಾಲ್ಲೂಕಿಂದ ಬಂದಿದ್ದ ಅಧಿಕಾರಿ ಗಡಿಯಾರ ನೋಡಿಕೊಂಡರು. ಹಿಂದಿಂದ ಒಬ್ಬ ಹೆಂಗಸು, "ಅಳೆಯಕ್ಕೆ ಎಷ್ಟೊತ್ತು ಸಾ, ಅರ್ಧ ಗಂಟೆ" ಅಂದಳು. ವಾಟರ್‌ಮ್ಯಾನ್ ಟೇಪು ತಂದ. ಎಲ್ಲರೂ ನಡೆದೆವು.

ಬೀದಿಯಲ್ಲಿ 74 ಮೀಟರ್ ಇತ್ತು. ದೊಡ್ಡವ್ವನ ಹಗ್ಗ ಸುಳ್ಳು ಹೇಳಿರಲಿಲ್ಲ.

ಆಗ ಪಿಡಿಒ ಮೇಡಂ ಒಂದು ಮಾತು ಹೇಳಿದರು. ಹುಣಸೆಮರದ ಪಕ್ಕದ ಮನೆಯವರು ಜಾಗ ಬಿಡಲಿಲ್ಲ, ಅದಕ್ಕೆ ಒಂದಿಷ್ಟು ಉದ್ದವನ್ನ ಶಾಲೆ ಪಕ್ಕದ ಬೀದಿಗೆ ಹಾಕಿದೀವಿ ಅಂತ. ಅಲ್ಲಿಗೂ ಹೋಗಿ ಅಳೆದೆವು. 22 ಮೀಟರ್ ಇತ್ತು. ಅದು ನನ್ನ ಕಾಗದದಲ್ಲಿ ಇರಲಿಲ್ಲ. ನಾನು ಹನ್ನೊಂದು ದಿನ ಮನಸ್ಸಿನಲ್ಲೇ ಬರೆದಿಟ್ಟುಕೊಂಡಿದ್ದ ಸುದ್ದಿ ಹಾಗೇ ಅಚ್ಚಾಗಿದ್ದರೆ ಅದೂ ತಪ್ಪೇ ಆಗ್ತಿತ್ತು. ಮೇಡಂ ಮುಖ ಸಣ್ಣದಾಗಿತ್ತು. "ಜಾಗ ಬದಲಾದ್ದನ್ನ ಫಲಕದಲ್ಲಿ ಬರೆಸಿದ್ರೆ ನನಗೆ ಇವತ್ತು ಈ ಗತಿ ಬರ್ತಿರಲಿಲ್ಲ" ಅಂತ ಅವರೇ ಅಂದರು. ಬಚ್ಚಿಟ್ಟ ಲೆಕ್ಕ ಕದ್ದವನನ್ನ ಮಾತ್ರ ಕಾಯೋದಿಲ್ಲ, ಕದಿಯದವರನ್ನೂ ಕಳ್ಳರ ಸಾಲಿಗೆ ನಿಲ್ಲಿಸುತ್ತೆ ಅಂತ ನನಗೆ ಅಲ್ಲಿ ಗೊತ್ತಾಯ್ತು.

74ಕ್ಕೆ 22 ಸೇರಿದರೆ 96. ಉಳಿದ 24 ಮೀಟರ್ ಎಲ್ಲೂ ಇರಲಿಲ್ಲ. ಅದಕ್ಕೆ ಯಾರೂ ಉತ್ತರ ಕೊಡಲಿಲ್ಲ. ಅಧಿಕಾರಿ ಅದನ್ನ ನಡಾವಳಿ ಪುಸ್ತಕದಲ್ಲಿ ಬರೆಸಿದರು. ಬರೆದದ್ದನ್ನ ಗಟ್ಟಿಯಾಗಿ ಓದಿಸಿ, ಹತ್ತಾರು ಹೆಂಗಸರು ಕೆಳಗೆ ಸಹಿ ಹಾಕಿದರು, ಬಾರದವರು ಹೆಬ್ಬೆಟ್ಟು ಒತ್ತಿದರು.

ಕಂಟ್ರಾಕ್ಟರ್ ಭದ್ರತಾ ಠೇವಣಿ ಇನ್ನೂ ಪಂಚಾಯ್ತಿಯಲ್ಲೇ ಇತ್ತು. ಅದನ್ನ ತಡೆಹಿಡಿದರು. ದಸರಾ ಮುಗಿದು ಮೂರು ವಾರಕ್ಕೆ ಹುಣಸೆಮರದ ಮನೆಯವರನ್ನ ಒಪ್ಪಿಸಿ ಉಳಿದ 24 ಮೀಟರ್ ಕಟ್ಟಿದರು. ನೀರು ಈಗ ಹಳ್ಳಕ್ಕೆ ಹೋಗುತ್ತೆ. ಯಾರ ಮೇಲೂ ಕ್ರಮ ಆಗಲಿಲ್ಲ. ನನಗೆ ಅರ್ಧ ಪುಟ ಬರಲಿಲ್ಲ. ವಾರ್ಡ್ ಸದಸ್ಯರ ಮಗನ ಮದುವೆ ಪತ್ರಿಕೆ ನಮ್ಮ ಮನೆಗೆ ಬರಲಿಲ್ಲ. ಪತ್ರಿಕೆಯಲ್ಲಿ ನನ್ನ ಮೊದಲಿನ ನಾಲ್ಕು ಸಾಲಿಗೆ ಎರಡು ಸಾಲಿನ ತಿದ್ದುಪಡಿ ಬಂತು. ಅದನ್ನ ಕೇಳಿ ಹಾಕಿಸಿದ್ದು ನಾನೇ. ಅದರಲ್ಲಿ ಸ್ವಲ್ಪ ಸಮಾಧಾನ ಇದೆ.

ಕಂಟ್ರಾಕ್ಟರ್ ಆಮೇಲೆ ಒಂದು ಸಲ ಬಸ್ ಸ್ಟ್ಯಾಂಡಿನಲ್ಲಿ ಸಿಕ್ಕಿದರು. "ನಿಮಗೇನು ಸಿಕ್ತಣ್ಣ?" ಅಂತ ಕೇಳಿದರು. ವ್ಯಂಗ್ಯ ಅಲ್ಲ, ನಿಜವಾಗಿ ಅರ್ಥ ಆಗದೆ ಕೇಳಿದ್ದು. ನನಗೆ ತಕ್ಷಣ ಉತ್ತರ ಹೊಳೆಯಲಿಲ್ಲ.

ನಮ್ಮ ಗುಂಡ್ಲುಪೇಟೆ ಕಡೆಯ ಅಬ್ದುಲ್ ನಜೀರ್ ಸಾಬ್ ಅವರನ್ನ ಹಳಬರು ಇನ್ನೂ ನೆನೀತಾರೆ. ಊರೂರಿಗೆ ಕೊಳವೆಬಾವಿ ತೋಡಿಸಿ 'ನೀರ್ ಸಾಬ್' ಅನ್ನಿಸಿಕೊಂಡ ಮಂತ್ರಿ. ಅವರು ತಂದ ಪಂಚಾಯತ್ ಕಾಯ್ದೆಯಲ್ಲಿ 1987ರಲ್ಲಿ ಚುನಾವಣೆ ನಡೆದು ಜಿಲ್ಲಾ ಪರಿಷತ್ತು, ಮಂಡಲ ಪಂಚಾಯ್ತಿಗಳಿಗೆ ಅಧಿಕಾರ ಬಂತು. 1988ರಲ್ಲಿ ತೀರಿಕೊಂಡರು. ಪಂಚಾಯ್ತಿ ಸದಸ್ಯರಿಗೆ ತರಬೇತಿ ಕೊಡೋ ರಾಜ್ಯದ ಸಂಸ್ಥೆ ಅವರ ಹೆಸರಿನಲ್ಲೇ ಮೈಸೂರಲ್ಲಿದೆ. ಸದಸ್ಯರಿಗೆ ತರಬೇತಿ ಕೊಡೋಕೆ ಸಂಸ್ಥೆ ಇದೆ. ಕೇಳೋರಿಗೆ ತರಬೇತಿ ಮಾರಮ್ಮನ ಗುಡಿ ಮುಂದೆ ಆಗಲೇ ಆಗಿದೆ.

ಮುಂದಿನ ಆಗಸ್ಟ್ 16 ಬರೋಕೆ ಮುಂಚೆ ನಿಮ್ಮ ಪಂಚಾಯ್ತಿಗೆ ಹೋಗಿ ಜಮಾಬಂದಿ ಯಾವತ್ತು ಅಂತ ಕೇಳಿ. ಒಬ್ಬರೇ ಹೋಗಬೇಡಿ, ಬೀದಿಯವರನ್ನ ಕರ್ಕೊಂಡು ಹೋಗಿ. ಒಂದೇ ಒಂದು ಕೆಲಸ ಆರಿಸಿಕೊಳ್ಳಿ, ನಿಮ್ಮ ಮನೆ ಹತ್ತಿರದ್ದು. ಅದರ ಅಳತೆ ಪುಸ್ತಕ ಕೇಳಿ, ಟೇಪ್ ಹಿಡಿದು ಸ್ಥಳಕ್ಕೆ ಹೋಗಿ. ಅಧಿಕಾರಿ ಏನಾದರೂ ಹೇಳಿದರೆ ಪೂರ್ತಿ ಕೇಳಿಸಿಕೊಳ್ಳಿ, ಶಾಲೆ ಪಕ್ಕದಲ್ಲಿ 22 ಮೀಟರ್ ಇರಬಹುದು. ನಿಮ್ಮ ಕಡೆಯ ವರದಿಗಾರರನ್ನೂ ಕೇಳಿ, ಈ ಸುದ್ದಿ ಬರೆಯೋಕೆ ಮುಂಚೆ ಬಂದು ನೋಡಿದ್ರಾ ಅಂತ. ನನ್ನನ್ನೂ ಸೇರಿಸಿ.

ಹೋದ ತಿಂಗಳು ದೊಡ್ಡವ್ವ ಮತ್ತೆ ಫೋನ್ ಮಾಡಿದ್ದಳು. ಗುಡಿ ಹತ್ತಿರ ಹೈಮಾಸ್ಟ್ ದೀಪ ಹಾಕಿದ್ದಾರಂತೆ.

"ಬರೀಲಾ ದೊಡ್ಡವ್ವ, ನಮ್ಮೂರಿಗೆ ದೀಪ ಬಂತು ಅಂತ?"

"ರಾತ್ರಿ ಬಂದು ನೋಡ್ಕೊಂಡು ಬರಿ. ಇನ್ನೂ ಹತ್ತಿಲ್ಲ" ಅಂದಳು.